ಗ್ರಾನೈಟಿನ ಮೇಲೆ ಜಾರಿದ ಹಾಡುಗಳು

ನಮ್ಮ ಬಳ್ಳಾರಿ ಕಡೆ ಯಾರದಾದರೂ ಹೊಸ ಮನೆಗೆ ಹೋದರೆ ಮೊದಲು ನೆಲ ತೋರಿಸುತ್ತಾರೆ, ಆಮೇಲೆ ನೀರು ಕೊಡುತ್ತಾರೆ. ನನ್ನ ಹೊಟ್ಟೆಪಾಡು ಆ ನೆಲವನ್ನೇ ನಂಬಿಕೊಂಡಿರುವುದರಿಂದ ಇಂಥ ಪ್ರಸಂಗಗಳು ನನಗೆ ತಪ್ಪಿದ್ದಿಲ್ಲ, ಇನ್ನು ತಪ್ಪುವ ಆಸೆಯೂ ಉಳಿದಿಲ್ಲ.

ನಾನು ಸ್ಪೀಕರ್ ಮಾರುವವನು. ಮದುವೆ ಮೆರವಣಿಗೆಯ ಮೈಕ್‌ಸೆಟ್ಟಿನವನಲ್ಲ. ಮನೆಯಲ್ಲೇ ಒಂದು ಕೋಣೆ ಮಾಡಿಕೊಂಡು, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಹಾಡು ಕೇಳುವ ಚಟ ಇರುತ್ತದಲ್ಲ, ಅಂಥವರ ಮನೆಗೆ ಹೋಗಿ ಸ್ಪೀಕರು, ಆಂಪ್ಲಿಫೈಯರು ಜೋಡಿಸಿ, ಕೋಣೆಗೆ ಹೊಂದಿಸಿ ಬರುವುದು ನನ್ನ ಕೆಲಸ. ಇಂಥವರು ಬಳ್ಳಾರಿಯಲ್ಲಿ ಕಡಿಮೆ. ಸಿರುಗುಪ್ಪ, ಕುರುಗೋಡು ಕಡೆ ಇನ್ನೂ ಕಡಿಮೆ. ಒಬ್ಬ ಗಿರಾಕಿ ಮುನಿಸಿಕೊಂಡರೆ ಇನ್ನೊಬ್ಬ ಹುಟ್ಟಿ ಬೆಳೆದು ದೊಡ್ಡವನಾಗುವ ತನಕ ಕಾಯಬೇಕು.

ಈ ಕೆಲಸದ ವಿದ್ಯೆ ಬಹಳ ಸಣ್ಣದು. ಗಟ್ಟಿ ನೆಲ ದನಿಯನ್ನು ಚೆಂಡಿನ ಹಾಗೆ ಪುಟಿಸುತ್ತದೆ. ಮೆತ್ತನೆಯ ಹಾಸು ಅದನ್ನು ಕುಡಿಯುತ್ತದೆ. ನಾನು ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಒಂದು ಚಪ್ಪಾಳೆ ತಟ್ಟುತ್ತೇನೆ. 'ಟಪ್' ಎಂದು ಅಲ್ಲೇ ಸತ್ತರೆ ಒಳ್ಳೆಯ ಕೋಣೆ. 'ಟಪ್‌ರ್‌ರ್‌ರ್' ಎಂದು ಗೋಡೆಯಿಂದ ಗೋಡೆಗೆ ಓಡಾಡಿದರೆ ಆ ಕೋಣೆಯಲ್ಲಿ ಸ್ವರ್ಗದ ಸ್ಪೀಕರ್ ಇಟ್ಟರೂ ಪಾತ್ರೆ ಅಂಗಡಿಯಲ್ಲಿ ಕುಳಿತ ಹಾಗೇ. ಇದನ್ನು ಹೇಳಿ ಹೇಳಿ ನನ್ನ ತಲೆಗೂದಲು ಮಂಕಾದವು. ನೆಲಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಹೊಳೆಯುತ್ತಿವೆ.

ಕಿವಿ ಡಾಕ್ಟರ ಕನ್ನಡಿ

ಗಾಂಧಿನಗರದಲ್ಲಿ ಒಬ್ಬ ಡಾಕ್ಟರಿದ್ದಾರೆ. ಕಿವಿ, ಮೂಗು, ಗಂಟಲಿನವರು. ಹಳೆಯ ಹಾಡುಗಳೆಂದರೆ ಪ್ರಾಣ. ಹೊಸ ಮನೆಯ ಮೇಲಂತಸ್ತಿನಲ್ಲಿ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಕಟ್ಟಿಸಿ, ಅದಕ್ಕೆ ಕರಿ ಗ್ರಾನೈಟ್ ಹಾಕಿಸಿದ್ದರು. ನಾನು ಹೋದಾಗ ಅವರ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು:

"ಬಗ್ಗಿ ನೋಡ್ರಿ. ನಿಮ್ಮ ಮುಖ ಕಾಣ್ತೈತಿ."

ಬಗ್ಗಿ ನೋಡಿದೆ. ಕಂಡಿತು. ಆಗಲೇ ಅಳುವ ಹಾಗಿತ್ತು.

ಚಪ್ಪಾಳೆ ತಟ್ಟಿದೆ. ನನ್ನದೊಂದು ಚಪ್ಪಾಳೆಗೆ ಇಡೀ ಸಭೆಯೇ ತಟ್ಟಿದ ಹಾಗೆ ಕೇಳಿಸಿತು. "ಡಾಕ್ಟ್ರೇ, ಸ್ಪೀಕರ್ ಮುಂದ ಒಂದು ದಪ್ಪನ ಕಾರ್ಪೆಟ್ ಹಾಸ್ಬೇಕಾಗ್ತೈತಿ" ಎಂದೆ.

"ಮುಚ್ಚಾಕ ಗ್ರಾನೈಟ್ ಹಾಕ್ಸೀನೇನ್ರಿ?" ಎಂದರು ಡಾಕ್ಟರು. "ನೀವು ಸ್ಪೀಕರ್ ಜೋಡಿಸ್ರಿ. ಕಿವಿ ವಿಷಯ ನನಗ ಬಿಡ್ರಿ."

ಜೋಡಿಸಿದೆ. ವಾರದಲ್ಲಿ ಫೋನು ಬಂತು. ಹಾಡುವವನ ಮಾತು ತಿಳಿಯುತ್ತಿಲ್ಲ, ತಬಲಾ ಬಡಿದರೆ ತಗಡು ಬಡಿದ ಹಾಗಿದೆ, ಸ್ಪೀಕರ್ ಬದಲು ಮಾಡಿ ಎಂದರು. ಬದಲು ಮಾಡಿದೆ. ಮತ್ತೆ ಅದೇ ದೂರು. ಮತ್ತೆ ಬದಲು ಮಾಡಿದೆ. ಕೊನೆಗೆ ಅವರಿಗೇ ಸಾಕಾಗಿ, "ಆತು, ನಿಮ್ಮ ಕಾರ್ಪೆಟ್ಟೂ ಒಂದು ನೋಡೇಬಿಡಾಣ" ಎಂದು ಒಳ್ಳೆಯ ದಪ್ಪನೆಯ ಕಾರ್ಪೆಟ್ ತರಿಸಿದರು. ಆ ದಿನ ನಾನು ಮನೆಗೆ ಮೈಸೂರುಪಾಕು ತೆಗೆದುಕೊಂಡು ಹೋದೆ.

ಮತ್ತೆ ಫೋನು. "ಕಾರ್ಪೆಟ್ ಹಾಸಿದ್ರೂ ಗದ್ಲ ಹೋಗ್ಲಿಲ್ಲ. ಬಂದು ನೋಡ್ರಿ."

ಹೋದೆ. ಕಾರ್ಪೆಟ್ ಹಾಸಿದ್ದರು, ಸುಳ್ಳಲ್ಲ. ಅದರ ಮೇಲೆ ಮೂಲೆಯಿಂದ ಮೂಲೆಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಟಿಸಿದ್ದರು. ಕಾಲಿಟ್ಟರೆ ಚರಚರ ಎನ್ನುತ್ತಿತ್ತು. ನಾನು ಡಾಕ್ಟರ ಮನೆಯವರ ಮುಖ ನೋಡಿದೆ.

"ನಮ್ಮೂರಿನ ಕೆಂಪು ಧೂಳು ನಿಮಗ ಗೊತ್ತಿಲ್ಲೇನ್ರಿ?" ಎಂದರು ಅವರು. "ಅಷ್ಟು ಚಂದನ ಕಾರ್ಪೆಟ್ ಹೊಲಸಾಗ್ಲೇನು?"

ಹೀಗೆ ಗ್ರಾನೈಟು ಕಾಣದಾಯಿತು, ಕಾರ್ಪೆಟ್ಟು ಕಾಲಿಗೆ ತಾಗದಾಯಿತು, ಹಾಡು ಕೇಳದಾಯಿತು. ಅವರ ಕೋಣೆಯಲ್ಲಿ ಕುಳಿತು ಕುಳಿತು ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ಬಳ್ಳಾರಿಯಲ್ಲಿ ನನಗೆ ಪರಿಚಯದ ಕಿವಿ ಡಾಕ್ಟರೆಂದರೆ ಅವರೊಬ್ಬರೇ. ಕ್ಲಿನಿಕ್ಕಿಗೆ ಹೋದೆ. ಕಿವಿಗೆ ಲೈಟು ಹಾಕಿ ನೋಡಿ, ಗಂಭೀರವಾಗಿ ಕೇಳಿದರು:

"ಎಲ್ಲೆರ ಬಾಳ ಗದ್ಲದಾಗ ಕುಂದರ್ತೀರೇನು?"

"ಹೌದ್ರಿ" ಎಂದೆ. "ನಿಮ್ಮ ಮನ್ಯಾಗ."

ಎಡದಿಂದ ಬಲಕ್ಕೆ

ಸಿರುಗುಪ್ಪದಲ್ಲಿ ಒಬ್ಬ ರೈಸ್‌ಮಿಲ್ ಸಾಹುಕಾರರು. ಅವರದು ಡಾಕ್ಟರಿಗೆ ತದ್ವಿರುದ್ಧ. ಏನು ಹೇಳಿದರೂ ಒಪ್ಪುತ್ತಾರೆ. ಒಪ್ಪುವವರ ಕೈಯಲ್ಲಿ ಸಿಕ್ಕುವುದು ಇನ್ನೂ ಕಷ್ಟ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅವರು ಮೊಬೈಲಿನಲ್ಲಿ ಎಲ್ಲೋ ನೋಡಿ, ಹಾಡು ಕೇಳುವ ಕೋಣೆಗೆ ಮರದ ನೆಲವೇ ಶ್ರೇಷ್ಠ ಎಂದು ತೀರ್ಮಾನಿಸಿಬಿಟ್ಟಿದ್ದರು. ನನಗೆ ಹೇಳುವ ಹೊತ್ತಿಗೆ ಬಡಿಗೇರರು ಕೆಲಸ ಮುಗಿಸಿ ಹೋಗಿದ್ದರು. ಸಿಮೆಂಟಿನ ನೆಲದ ಮೇಲೆ ಸಾಲಾಗಿ ಮರದ ತೊಲೆಗಳನ್ನಿಟ್ಟು, ಅದರ ಮೇಲೆ ಹಲಗೆ ಕೂಡಿಸಿದ್ದರು. ನೋಡಲು ಅರಮನೆ. ಆದರೆ ಹಲಗೆಯ ಕೆಳಗೆ ಗೇಣಿನಷ್ಟು ಜಾಗ ಖಾಲಿ. ಮರ ತೆಳ್ಳಗೆ, ಒಳಗೆ ಪೊಳ್ಳು. ಅದಕ್ಕೆ ನಮ್ಮ ಕಡೆ ಡೊಳ್ಳು ಎನ್ನುತ್ತಾರೆ.

ಸ್ಪೀಕರ್ ಹಚ್ಚಿದೆವು. ಹಾಡಿನಲ್ಲಿ ಇಲ್ಲದ ಡೊಳ್ಳೊಂದು ಎಲ್ಲ ಹಾಡಿಗೂ ಸೇರಿಕೊಂಡಿತು. ಅಷ್ಟರಲ್ಲಿ ಸಾಹುಕಾರರ ತಾಯಿ ಚಹಾ ತೆಗೆದುಕೊಂಡು ಬಂದರು. ಕಡ್ಡಿಯಂಥ ಮುದುಕಿ. ಧಡ್, ಧಡ್, ಧಡ್ ಎಂದು ಹೆಜ್ಜೆ ಸಪ್ಪಳ. ತಮ್ಮ ನಡಿಗೆಗೆ ತಾವೇ ಹೆದರಿ ಆಕೆ ಬಾಗಿಲಲ್ಲೇ ನಿಂತುಬಿಟ್ಟರು. "ಯಪ್ಪಾ, ಚಾ ಇಲ್ಲೇ ಇಡ್ತೀನಿ, ನೀವೇ ಬಂದು ತಗರ್ರಿ" ಎಂದರು.

"ಸಾಹುಕಾರ್ರೇ, ಹಲಗಿ ಕೆಳಗ ಏನಾದ್ರೂ ತುಂಬಿಸ್ಬೇಕು" ಎಂದೆ. "ಮರಳೋ ಮತ್ತೊಂದೋ. ಪೊಳ್ಳು ಇರಬಾರ್ದು."

"ಅಷ್ಟೇ ಏನ್ರಿ? ಆತು ಬಿಡ್ರಿ" ಎಂದರು. ಒಪ್ಪುವವರಲ್ಲವೇ.

ಮತ್ತೆ ಹೋದಾಗ ಚಪ್ಪಾಳೆ ತಟ್ಟಿದೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಂಥ ಕೋಣೆ ನಾನು ಈ ಮೂರು ಊರುಗಳಲ್ಲಿ ಕೇಳಿರಲಿಲ್ಲ. ಹಾಡು ಹಚ್ಚಿದರೆ, ತಂಬೂರಿಯ ತಂತಿ ನಿಂತ ಮೇಲೂ ಅದರ ಉಸಿರು ಕೇಳುತ್ತಿತ್ತು. "ಏನು ತುಂಬಿಸಿದ್ರಿ?" ಎಂದು ಕೇಳಿದೆ.

"ನಮ್ಮ ಮಿಲ್ಲಿನ ಹಿಂದ ಭತ್ತದ ಹೊಟ್ಟು ಗುಡ್ಡದಂಗ ಬಿದ್ದೈತಲ್ರಿ" ಎಂದರು. "ಮರಳು ಯಾಕ ತರ್ಬೇಕು ಅಂತ ಅದನ್ನ ಜಡಿದ್ವಿ."

ಹೊಟ್ಟು ದನಿಯನ್ನು ಚೆನ್ನಾಗಿ ಕುಡಿಯುತ್ತದೆ. ಅದು ಖರೆ. ಆದರೆ ಹೊಟ್ಟಿನಲ್ಲಿ ನುಚ್ಚು ಇರುತ್ತದೆ, ನುಚ್ಚಿಗೆ ಇಲಿ ಬರುತ್ತದೆ. ಇದು ನನ್ನ ವಿದ್ಯೆಯಲ್ಲಿ ಇರಲಿಲ್ಲ. ಸ್ವಲ್ಪ ದಿನಕ್ಕೇ ಫೋನು ಬಂತು. ಸಾಹುಕಾರರ ದನಿ ಬಹಳ ಮೆತ್ತಗಿತ್ತು.

"ಸಾರ್, ನೀವು ಸ್ಟೀರಿಯೊ ಅಂತಿದ್ರಲ್ಲ, ದನಿ ಎಡದಿಂದ ಬಲಕ್ಕ ಹೋಗೋದು ಕಣ್ಣಿಗಿ ಕಟ್ಟಿದಂಗ ಕೇಳ್ಬೇಕು ಅಂತ?"

"ಹೌದ್ರಿ."

"ಈಗ ಕೇಳ್ತೈತಿ. ಎಡಗಡಿ ಸ್ಪೀಕರ್ ಕೆಳಗಿಂದ ಹೊಂಟ್ರ ಬಲಗಡಿ ಸ್ಪೀಕರ್ ತನಕ ಒಂದೊಂದು ಹೆಜ್ಜಿನೂ ಕೇಳ್ತೈತಿ."

"ಹಂಗಾದ್ರ ಬೋನು ಇಡಬೇಕಿತ್ತಲ್ರಿ" ಎಂದೆ.

"ಒಂದು ಹಲಗಿ ಎಬ್ಬಿಸಿ ಬೆಕ್ಕು ಬಿಟ್ವಿ" ಎಂದರು. "ಈಗ ಹಿಂದ ಮುಂದನೂ ಕೇಳಾಕ್ಹತ್ತೈತಿ."

ನೀಲಿ ಪಾದ

ಇದು ಸಣ್ಣದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಕಾರ್ಖಾನೆಯವರೊಬ್ಬರು ನನ್ನ ಗಿರಾಕಿ. ದಪ್ಪ ಹಾಸು ಬೇಕೆಂದೆ. ಅವರ ಹತ್ತಿರ ಕತ್ತರಿಸಿ ಬಿದ್ದ ಜೀನ್ಸ್ ತುಂಡುಗಳಿಗೆ ಬರವೇ? ಹತ್ತಾರು ಪದರ ಸೇರಿಸಿ, ತಮ್ಮ ಮಷಿನ್ನಿನಲ್ಲೇ ಹೊಲಿಸಿ, ಗೋಡೆಯಿಂದ ಗೋಡೆಗೆ ಹಾಸಿದರು. ದನಿ ಎಂದರೆ ದನಿ. ನಾನು ಮೂಲೆಯಲ್ಲಿ ನಿಂತು ದೇವರಿಗೆ ಕೈಮುಗಿದೆ.

ಆ ಸಂತೋಷಕ್ಕೆ ಅವರು ಬೀಗರನ್ನೆಲ್ಲ ಹಾಡು ಕೇಳಲು ಕರೆದರು. ಬೇಸಿಗೆ. ಬೀಗರು ಬಂದವರು ಅಂಗಳದಲ್ಲಿ ಕಾಲು ತೊಳೆದುಕೊಂಡು, ಒದ್ದೆ ಕಾಲಲ್ಲೇ ಬಂದು ಕುಳಿತರು. ಎರಡು ತಾಸು ಹಾಡು ಕೇಳಿ, ಮೆಚ್ಚಿ, ಎದ್ದು ಊಟಕ್ಕೆ ಪಡಸಾಲೆಗೆ ನಡೆದರು. ಬಿಳಿ ಟೈಲ್ಸ್ ಮೇಲೆ ಎಲ್ಲರ ನೀಲಿ ಹೆಜ್ಜೆ ಮೂಡಿದವು. ಹೊಸ ಜೀನ್ಸ್ ಬಣ್ಣ ಬಿಡುತ್ತದೆ ಎಂದು ಬಳ್ಳಾರಿಯಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೆ.

ಬೀಗರಲ್ಲಿ ಹಿರಿಯರೊಬ್ಬರು ತಮ್ಮ ಪಾದ ನೋಡಿಕೊಂಡು, ಧೋತರದ ಹಿಂಭಾಗ ಮುಟ್ಟಿ ನೋಡಿಕೊಂಡು, ಬಹಳ ಶಾಂತವಾಗಿ ಕೇಳಿದರು:

"ಹಾಡು ಚಲೋ ಇದ್ವು ಬಿಡ್ರಿ. ಇದು ತೊಳದ್ರ ಹೋಗ್ತೈತೋ, ನಾವು ಹಿಂಗೇ ಊರಿಗಿ ಹೋಗ್ಬೇಕೋ?"

ಓಣಿಗೊಂದೇ ಜಮಖಾನ

ಊರವರಿಗೆ ಹೇಳುವವನ ಮನೆ ಹೇಗಿದೆ ಎಂದು ನೀವು ಕೇಳಬಹುದು. ನಮ್ಮದು ಬಾಡಿಗೆ ಮನೆ. ಮಾಲೀಕರು ಹಾಕಿಸಿದ ಟೈಲ್ಸ್ ಸಾಬೂನಿನಂತೆ ಜಾರುತ್ತದೆ. ಆದರೆ ಮುಂದಿನ ಕೋಣೆಯಲ್ಲಿ ನಾನು ಒಂದು ದಪ್ಪನೆಯ ಜಮಖಾನ ಹಾಸಿಕೊಂಡಿದ್ದೆ. ಗಿರಾಕಿಗಳನ್ನು ಅಲ್ಲಿಗೇ ಕರೆದು ಹಾಡು ಕೇಳಿಸುತ್ತಿದ್ದೆ. ನನ್ನ ಇಡೀ ವ್ಯಾಪಾರ ಆ ಜಮಖಾನದ ಮೇಲೆ ನಿಂತಿತ್ತು.

ತೊಂದರೆ ಏನೆಂದರೆ, ಓಣಿಗೆಲ್ಲ ಅಷ್ಟು ದೊಡ್ಡ ಜಮಖಾನ ಅದೊಂದೇ. ಸೀಮಂತಕ್ಕೆ ಕೇಳುತ್ತಿದ್ದರು, ತೊಟ್ಟಿಲಿಗೆ ಕೇಳುತ್ತಿದ್ದರು, ಭಜನೆಗೆ ಕೇಳುತ್ತಿದ್ದರು. ನನ್ನ ಹೆಂಡತಿ ಇಲ್ಲ ಎನ್ನುವವಳಲ್ಲ. ಅದು ಮನೆಯಲ್ಲಿದ್ದ ದಿನಕ್ಕಿಂತ ಊರಾಡಿದ ದಿನವೇ ಹೆಚ್ಚು. ಒಮ್ಮೊಮ್ಮೆ ಅದರ ಮೇಲೆ ಅರಿಶಿನ ಇರುತ್ತಿತ್ತು, ಒಮ್ಮೊಮ್ಮೆ ಪಾಯಸ.

ಸಿರಿಗೇರಿಯ ಗೊಬ್ಬರದಂಗಡಿಯವರೊಬ್ಬರು ಬಹಳ ದಿನಗಳಿಂದ ದೊಡ್ಡ ಸ್ಪೀಕರ್ ಮೇಲೆ ಮನಸ್ಸಿಟ್ಟಿದ್ದರು. ಆ ವರ್ಷ ನನ್ನ ವ್ಯಾಪಾರ ಉಳಿಯುವುದು ಬಿಡುವುದು ಅವರ ಒಂದು ಮಾತಿನ ಮೇಲಿತ್ತು ಎಂದರೂ ತಪ್ಪಿಲ್ಲ. ಅಂತೂ ಒಂದು ದಿನ ಬೆಳಗಿನ ಬಸ್ಸಿಗೆ ಹೊರಟು ಬಂದರು. ನಾನು ಹೋಗಿ ಕರೆತಂದು ಸಂಭ್ರಮದಿಂದ ಬಾಗಿಲು ತೆಗೆದರೆ ಬರಿ ನೆಲ.

"ಜಮಖಾನ ಎಲ್ಲೈತಿ?" ಎಂದು ಹೆಂಡತಿಯನ್ನು ಕೇಳಿದೆ.

"ಮೂಲಿಮನಿ ತಾತ ತೀರ್ಕಂಡ್ರಂತ್ರಿ. ಬೆಳಿಗ್ಗಿನೇ ಬಂದು ಒಯ್ದ್ರು" ಎಂದಳು. "ಸತ್ತ ಮನಿಗೆ ಇಲ್ಲ ಅನ್ನಾಕ ಬರ್ತೈತೇನ್ರಿ?"

ಬರುವುದಿಲ್ಲ. ತಾತ ಒಳ್ಳೆಯವರು, ನಾನು ಹೋಗಲೇಬೇಕಿತ್ತು. ಗಿರಾಕಿಗೆ ಹೇಳಿದೆ. "ನಾನೂ ಬರ್ತೀನಿ ನಡೀರಿ, ಒಬ್ನೇ ಕುಂತು ಏನ್ ಮಾಡ್ಲಿ" ಎಂದು ಅವರೂ ಹೊರಟರು.

ಆ ಮನೆಯವರದು ಕೋಣೆ ದೊಡ್ಡದು, ನೆಲ ಗ್ರಾನೈಟು. ನಡುವೆ ನನ್ನ ಜಮಖಾನ. ಅದರ ಮೇಲೆ ಹೆಂಗಸರು ಕುಳಿತು ಅಳುತ್ತಿದ್ದರು. ನಾವು ಒಂದು ಅಂಚಿಗೆ ಕುಳಿತೆವು. ತಾತನ ಮಗಳು ಅಪ್ಪನ ಗುಣಗಳನ್ನು ಒಂದೊಂದಾಗಿ ಹೇಳಿಕೊಂಡು ಅಳುತ್ತಿದ್ದಳು. ನನಗೂ ಕಣ್ಣು ತುಂಬಿದವು. ಆದರೆ ಏನು ಮಾಡಲಿ, ಕಿವಿ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು. ಅವಳ ಒಂದಕ್ಷರವೂ ಕದಡುತ್ತಿರಲಿಲ್ಲ. ಹಿಂದೆ ಕುಳಿತ ಚಿಕ್ಕಮ್ಮನ ಬಿಕ್ಕು ಬೇರೆ, ಪಕ್ಕದವರ ನಿಟ್ಟುಸಿರು ಬೇರೆ, ಎಲ್ಲ ಬಿಡಿಬಿಡಿಯಾಗಿ, ಸ್ವಚ್ಛವಾಗಿ. ಇಂಥ ಕೋಣೆ ನನಗೆ ಸಿಗಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ನನ್ನ ಕೈ ನನ್ನ ಮಾತು ಮೀರಿ ಒಂದು ಚಪ್ಪಾಳೆ ತಟ್ಟಿಬಿಟ್ಟಿತು.

ಟಪ್. ಅಲ್ಲೇ ಸತ್ತಿತು.

ಅಳು ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ತಾತನ ತಮ್ಮ, ಅವರೂ ವಯಸ್ಸಾದವರೇ, ಮೆಲ್ಲಗೆ ಕೇಳಿದರು: "ಯಾಕಪಾ?"

"ಸೊಳ್ಳಿ ಇತ್ರಿ" ಎಂದೆ.

ಅವರು ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದರು: "ಇವತ್ತೊಂದು ದಿನ ಈ ಮನ್ಯಾಗ ಸೊಳ್ಳಿ ಆದ್ರೂ ಬದುಕ್ಲಿ ಬಿಡು."

ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಇನ್ನು ಈ ಓಣಿಯಲ್ಲಿ ತಲೆಯೆತ್ತುವ ಹಾಗಿಲ್ಲ, ಗಿರಾಕಿಯೂ ಹೋದ ಎಂದುಕೊಂಡು ಬಸ್‌ಸ್ಟ್ಯಾಂಡಿನ ತನಕ ಅವರ ಜೊತೆ ನಡೆದೆ. ಸಿರಿಗೇರಿಯವರು ಬಸ್ಸು ಹತ್ತುವ ಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀವು ಹೇಳ್ತಿದ್ದಿದ್ದು ಖರೆ ಐತ್ರಿ. ಆ ಯವ್ವ ಅತ್ತಿದ್ದು ಏನ್ ಕ್ಲಿಯರ್ ಇತ್ತು" ಎಂದರು. "ಸ್ಪೀಕರ್ ಸದ್ಯಕ್ಕ ಬ್ಯಾಡ. ಆ ಜಮಖಾನ ಎಲ್ಲಿ ತಗಂಡ್ರಿ?"

ಕುರುಗೋಡಿನ ಮೇಷ್ಟ್ರು

ಇಷ್ಟೆಲ್ಲ ಆದ ಮೇಲೆ ಈ ಕೆಲಸ ಬಿಟ್ಟುಬಿಡೋಣ ಎಂದು ನಿಜವಾಗಿಯೂ ಯೋಚಿಸುತ್ತಿದ್ದೆ. ಪಕ್ಕದ ಟೈಲ್ಸ್ ಅಂಗಡಿಯವರು "ನಮ್ಮಲ್ಲಿ ಬಂದುಬಿಡ್ರಿ, ನೆಲದ ಬಗ್ಗಿ ಇಷ್ಟು ಮಾತಾಡೋರು ನಮಗ ಬೇಕಾಗ್ಯಾರ" ಎಂದು ಕರೆದೂ ಇದ್ದರು. ಆಗಲೇ ಕುರುಗೋಡಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನು ಮಾಡಿದರು. ಬಾದನಹಟ್ಟಿಯ ಸಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವರು.

"ನಮ್ಮ ಮನಿಯಾಕಿ ಹಾಡಿದ್ದು ಒಂದು ಕ್ಯಾಸೆಟ್ ಐತ್ರಿ" ಎಂದರು. "ಆಕಿ ಹೋದ ಮ್ಯಾಲೆ ಸಿಕ್ತು. ದನಿ ಬರ್ತೈತಿ, ಮಾತು ತಿಳಿಯಂಗಿಲ್ಲ. ಕ್ಯಾಸೆಟ್ ಹಳೇದಾಗಿ ಹೋಗೈತೋ, ನನ್ನ ಕಿವಿ ಹೋಗ್ಯಾವೋ, ಒಂದೀಟು ಬಂದು ನೋಡ್ರಿ."

ಹೋದೆ. ಒಳ್ಳೆಯ ಮನೆ. ಮಗ ಇತ್ತೀಚೆಗೆ ಹಳೆಯ ಬಂಡೆ ಕಿತ್ತಿಸಿ, ಪಡಸಾಲೆಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದ. ಮೂಲೆಯಲ್ಲಿ ಒಂದು ಸ್ಟೂಲು. ಅದರ ಮೇಲೆ ಟೇಪ್‌ರೆಕಾರ್ಡರು. ಅದಕ್ಕೆ ಹೂವು ಏರಿಸಿದ್ದರು. ಮುಂದೆ ಊದುಬತ್ತಿ ಉರಿಯುತ್ತಿತ್ತು.

ಮೇಷ್ಟ್ರು ಹೇಳಿದರು. ಅವರ ಮನೆಯವರು ಇದ್ದಾಗ ಆ ಕ್ಯಾಸೆಟ್ ಹಚ್ಚಲು ಬಿಟ್ಟೇ ಇರಲಿಲ್ಲವಂತೆ. "ನಾನು ಸತ್ತ ಮ್ಯಾಲೆ ಕೇಳ್ರಿ" ಎನ್ನುತ್ತಿದ್ದರಂತೆ. ಅಂಥದ್ದು ಏನಿರಬಹುದು, ಶಿವನ ಮೇಲಿನ ತತ್ವಪದವೇ ಇರಬೇಕು ಎಂದು ಮೇಷ್ಟ್ರು ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೈಮುಗಿದು ಕುಳಿತು ಕೇಳುತ್ತಿದ್ದರು. ಸೋಮವಾರ ಓಣಿಯ ನಾಲ್ಕು ಮಂದಿಯೂ ಬಂದು ಕೈಮುಗಿದು ಕೂಡುತ್ತಿದ್ದರು.

ಹಚ್ಚಿದರು. 'ಊಂ... ವ್ವ... ಊಂ' ಎಂದು ಬಾವಿಯೊಳಗಿಂದ ಬಂದ ಹಾಗೆ ಬಂತು. ದನಿ ಇಂಪಾಗಿದೆ ಎಂದಷ್ಟೇ ಗೊತ್ತಾಯಿತು. ಮೇಷ್ಟ್ರು ಕಣ್ಣು ಮುಚ್ಚಿ ಕೈಮುಗಿದಿದ್ದರು. ನಾನು ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಪಡಸಾಲೆ ತಿರುಗಿ ತಟ್ಟಿತು.

"ಮೇಷ್ಟ್ರೇ, ಕ್ಯಾಸೆಟ್ ಚಲೋ ಐತಿ. ನಿಮ್ಮ ಕಿವಿನೂ ಚಲೋ ಅದಾವು. ನೆಲದ್ದು ತ್ರಾಸು" ಎಂದೆ. ಹೇಳುವಾಗಲೇ ನನಗೆ ಬೇಸರ. ಇವರೂ ಈಗ ನೆಲ ಎಷ್ಟು ಚಂದ ಇದೆ ಎಂದು ಶುರು ಮಾಡುತ್ತಾರೆ ಎಂದುಕೊಂಡೆ.

ಅವರು ಹಾಗೆ ಅನ್ನಲಿಲ್ಲ. "ಹಂಗಾದ್ರ ಏನ್ ಹಾಸ್ಬೇಕು ಹೇಳ್ರಿ" ಎಂದರು.

"ದಪ್ಪಂದು ಏನಾದ್ರೂ."

ಸೊಸೆ ಬಾಗಿಲಲ್ಲಿ ನಿಂತಿದ್ದವಳು, "ಮಾವಾರ, ಅತ್ತಿಯಾರು ಹೊಲಿದ ಕೌದಿ ಟ್ರಂಕಿನ್ಯಾಗ ಅದಾವಲ್ರಿ" ಎಂದಳು.

ಹಳೆ ಸೀರೆ, ಹಳೆ ಧೋತರಗಳ ತುಂಡು ಸೇರಿಸಿ ಹೊಲಿದ ಕೌದಿಗಳು. ಒಂದೊಂದೂ ಮುದುಕನಷ್ಟು ಭಾರ. ಮೇಷ್ಟ್ರು ಒಂದು ಕೌದಿಯ ಹೊಲಿಗೆ ಸವರಿದರು. "ಅವನ್ನ ಹೆಂಗ್ ತುಳೀಲಿ?" ಎಂದರು. ಆಮೇಲೆ ತಾವೇ ಬಚ್ಚಲಿಗೆ ಹೋಗಿ ಕಾಲು ತೊಳೆದು, ಒರೆಸಿಕೊಂಡು ಬಂದರು. ನಾವು ಮೂವರೂ ಸೇರಿ ಟೇಪ್‌ರೆಕಾರ್ಡರಿನ ಮುಂದೆಲ್ಲ ಕೌದಿ ಹಾಸಿದೆವು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದಳು. ಮೇಷ್ಟ್ರ ಮನೆಯವರ ಗೆಳತಿ, ಕೂಡಿ ಕೌದಿ ಹೊಲಿಯುತ್ತಿದ್ದವಳು. ಏನು ನಡೆದಿದೆ ಎಂದು ಕೇಳಿ ತಿಳಿದುಕೊಂಡು, "ಇದೆಲ್ಲ ಯಾಕ ಬೇಕಾಗಿತ್ತು ಮೇಷ್ಟ್ರೇ, ಹಂಗೇ ಕೇಳಿದ್ರ ಆತಿರ್ಲಿಲ್ಲೇನು" ಎಂದು ಗೊಣಗುತ್ತ ಗೋಡೆಗೆ ಒರಗಿ ಕುಳಿತಳು.

ಊದುಬತ್ತಿ ಬದಲಾಯಿಸಿದರು. ಕೈಮುಗಿದು ಕುಳಿತರು. ನಾನು ಹಚ್ಚಿದೆ.

ಆ ಹೆಣ್ಣುಮಗಳು ಎದುರಿಗೇ ಕುಳಿತು ಹಾಡಿದ ಹಾಗೆ ಬಂತು. ಸೂಜಿ ಬಟ್ಟೆಯಲ್ಲಿ ದಾಟುವ ಸಪ್ಪಳ ಕೂಡ ಕೇಳಿದ ಹಾಗಾಯಿತು. ಒಂದೊಂದು ಮಾತೂ ತೊಳೆದಿಟ್ಟಂತೆ:

*ಮೇಷ್ಟ್ರು ಹಾಡಿದ ಹಾಡಿಗಿ ಎಮ್ಮಿ ಹಾಲ ಮರತೀತ,*
*ಓಣ್ಯಾನ ನಾಯಿ ಊರ ಬಿಟ್ಟೀತ, ಗೆಳತೆವ್ವ,*
*ನಾ ಎಲ್ಲಿ ಹೋಗಲೇ ಮನಿ ಬಿಟ್ಟ.*

ಹಿಂದೆಯೇ ಕ್ಯಾಸೆಟ್ಟಿನೊಳಗಿನ ಹೆಂಗಸರ ಗುಂಪು ಗೊಳ್ಳೆಂದು ನಕ್ಕಿತು. ಆ ನಗೆಯ ನಡುವೆ ಆಕೆ ಇನ್ನೇನೋ ಒಂದು ಮಾತು ಅಂದಳು, ಗದ್ದಲದಲ್ಲಿ ಅದು ತಿಳಿಯಲಿಲ್ಲ. ಅದಕ್ಕೆ ಮತ್ತೂ ದೊಡ್ಡ ನಗೆ.

ಮೇಷ್ಟ್ರ ಮುಗಿದ ಕೈ ಹಾಗೇ ಇತ್ತು. ಕಣ್ಣು ಮಾತ್ರ ತೆರೆದಿದ್ದರು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ನನಗೆ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು. ಟೈಲ್ಸಾದರೂ ಸರಿ, ಗ್ರಾನೈಟಾದರೂ ಸರಿ. ಇಷ್ಟು ದಿನ ಒಬ್ಬ ಮನುಷ್ಯ ಹೂವೇರಿಸಿ ಕೈಮುಗಿದಿದ್ದನ್ನು ಹಾಳು ಮಾಡಿದೆನಲ್ಲ. ಕುರುಗೋಡಿನ ಒಂದು ಓಣಿಯೇ ಸೋಮವಾರ ಸೋಮವಾರ ಈ ಎಮ್ಮೆಗೆ ಕೈಮುಗಿದಿತ್ತಲ್ಲ.

"ಇನ್ನೊಮ್ಮಿ ಹಚ್ರಿ" ಎಂದರು ಮೇಷ್ಟ್ರು.

ಹಚ್ಚಿದೆ. ಎಮ್ಮೆ ಹಾಲು ಮರೆಯಿತು. ನಾಯಿ ಊರು ಬಿಟ್ಟಿತು. ಎಲ್ಲರೂ ನಕ್ಕರು.

"ಇನ್ನೊಮ್ಮಿ."

ಈ ಸಲ ಮೇಷ್ಟ್ರು ಮುಗಿದ ಕೈ ಬಿಟ್ಟು, ಮುಂದಕ್ಕೆ ಬಾಗಿ, ಕಿವಿಗೆ ಅಂಗೈ ಹಿಡಿದು ಕೇಳಿದರು. ಅವರ ಕಣ್ಣಲ್ಲಿ ನೀರು ಇತ್ತು. ತುಟಿಯ ಮೇಲೆ ಬೇರೇನೋ ಇತ್ತು. ಆಮೇಲೆ ಗೋಡೆಗೆ ಒರಗಿದ್ದ ಅಜ್ಜಿಯ ಕಡೆ ತಿರುಗಿದರು.

"ಹಾಡು ತಿಳೀತು. ಅದರ ಮ್ಯಾಲೆ ಆಕಿ ಏನೋ ಅಂದ್ಳಲ್ಲ, ನೀವೆಲ್ಲ ಹಂಗ ನಕ್ರಲ್ಲ. ಏನಂದ್ಳು?"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆಕೆಯ ಹೆಗಲು ಕುಲುಕುತ್ತಿದ್ದವು. "ಅದನ್ನ ನಾ ಹೇಳಂಗಿಲ್ಲಪಾ" ಎಂದಳು. "ಬೇಕಾದ್ರ ಆಕಿನ್ನೇ ಕೇಳ್ರಿ."

ಮೇಷ್ಟ್ರು ಒಮ್ಮೆ ಟೇಪಿನ ಕಡೆ ನೋಡಿದರು, ಒಮ್ಮೆ ಹಾಸಿದ ಕೌದಿಗಳ ಕಡೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು:

"ಯವ್ವಾ, ಟ್ರಂಕಿನ್ಯಾಗ ಇನ್ನೊಂದು ಕೌದಿ ಐತೇನು ನೋಡು."